ಏಳುನೂರ ಐವತ್ತಾರು ಟೈಲು

ಖಾಸಗಿಯಾಗಿ ಕಟ್ಟಿದ ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಬೇರೆಲ್ಲ ವಿಷಯ ಪಾಸಾಗಿತ್ತು, ಗಣಿತದಲ್ಲಿ ಮಾತ್ರ ಎರಡು ಸಲ ಬಿದ್ದಿದ್ದೆ. ಏಳನೆಗೇ ಶಾಲೆ ಬಿಟ್ಟು ಇಪ್ಪತ್ತೈದು ವರ್ಷ ಟೈಲು ಕೂರಿಸಿದವನು ನಾನು. ನನ್ನ ಕೈಕೆಳಗೆ ಆರು ಜನ. ಆದರೆ ಸೂಪರ್‌ವೈಸರ್ ಕೆಲಸ ಕೊಡಲು ತೀರ್ಥಹಳ್ಳಿಯ ಕಂಟ್ರಾಕ್ಟರು ಸರ್ಟಿಫಿಕೇಟು ಕೇಳಿದ್ದರು. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ನೋಡ್ಕೋತೀನಿ" ಎಂದೂ ಹೇಳಿದ್ದರು.

ಸಾಗರದಲ್ಲಿ ಮೂರನೇ ಸಲ ಪರೀಕ್ಷೆ ಬರೆದು ಹೊಸನಗರದ ಬಸ್ಸು ಹತ್ತಿದೆ. ಸಾಗರದಲ್ಲೇ ಪಿಯುಸಿ ಓದುವ ಮಗಳು ಜೊತೆಗಿದ್ದಳು. ಪ್ರಶ್ನೆಪತ್ರಿಕೆ ಕಸಿದುಕೊಂಡು ಒಂದೊಂದೇ ಲೆಕ್ಕ ಕೇಳುತ್ತ ಅಂಚಿನಲ್ಲಿ ಅಂಕ ಬರೆಯತೊಡಗಿದಳು. ಪಾಸಿಗೆ ಮೂವತ್ತೈದು ಬೇಕು. ಮೂವತ್ತೊಂದಾಯಿತು. ಉಳಿದದ್ದು ಐದು ಅಂಕದ ಒಂದೇ ಲೆಕ್ಕ: ಸಭಾಂಗಣದ ಉದ್ದ ಅಗಲಕ್ಕಿಂತ ಮೂರು ಮೀಟರ್ ಹೆಚ್ಚು, ವಿಸ್ತೀರ್ಣ ನೂರ ಎಂಬತ್ತು ಚದರ ಮೀಟರ್; ಉದ್ದ, ಅಗಲ ಎಷ್ಟು, ಅರ್ಧ ಮೀಟರಿನ ಚೌಕ ಟೈಲು ಎಷ್ಟು ಬೇಕು?

"ಎಷ್ಟು ಬರೆದ್ರಿ?"

"ಏಳ್ನೂರ ಐವತ್ತಾರು."

ಅವಳ ಪೆನ್ನು ನಿಂತಿತು. "ಏಳ್ನೂರ ಇಪ್ಪತ್ತು, ಅಪ್ಪಾ."

"ಒಡೆಯೋದಕ್ಕೆ ಮೂವತ್ತಾರು ಬೇಡ್ವಾ? ನೂರಕ್ಕೆ ಐದು."

"ಪೇಪರ್‌ನಲ್ಲಿರೋ ಟೈಲು ಯಾರು ಒಡೆದ್ರು ಮಾರಾಯ್ರೆ!"

ಮುಂದಿನ ಸೀಟಿನವರು ತಿರುಗಿ ನೋಡಿದರು.

"ಹಂತ ಬರೆದ್ರಾ? ಇಲ್ಲಾ, ಹೋದ್ಸಲದ ಹಾಗೆ ಬರೀ ಉತ್ತರಾನಾ?"

ಲೆಕ್ಕ ಓದಿದ ಕೂಡಲೇ ಅಗಲ ಹನ್ನೆರಡು, ಉದ್ದ ಹದಿನೈದು ಎಂದು ಹೊಳೆದಿತ್ತು ನನಗೆ. ಆದರೂ ಅವಳು ಕಲಿಸಿದಂತೆಯೇ ಬರೆದಿದ್ದೆ. "ಅಗಲ ಎಕ್ಸ್, ಉದ್ದ ಎಕ್ಸ್ ಪ್ಲಸ್ ಮೂರು. ಗುಣಿಸಿದ್ರೆ ನೂರೆಂಬತ್ತು. ನಡುವಿನ ಮೂರನ್ನ ಹದಿನೈದು, ಮೈನಸ್ ಹನ್ನೆರಡು ಅಂತ ಬಿಡಿಸ್ದೆ. ಎಕ್ಸ್ ಹನ್ನೆರಡು ಬಂತು, ಇನ್ನೊಂದು ಮೈನಸ್ ಹದಿನೈದು."

"ಅದನ್ನೆಂತ ಮಾಡಿದ್ರಿ?"

"ಬಿಟ್ಟೆ. ಮೈನಸ್ ಅಗಲದ ಹಾಲ್ ಯಾರು ಕಟ್ತಾರೆ?"

"ಹಾಗಂತ ಬರೆದ್ರಾ?"

"ಅಳತೆ ಮೈನಸ್ ಆಗಲ್ಲ ಅಂತ ಬರ್ದಿದೀನಿ. ಚದರ ಮೀಟರಿಗೆ ನಾಲ್ಕು ಟೈಲು, ಒಟ್ಟು ಏಳ್ನೂರ ಇಪ್ಪತ್ತು. ಅದರ ಕೆಳಗೆ ಒಡೆಯೋದಕ್ಕೆ ಅಂತ ಮೂವತ್ತಾರು."

"ಏಳ್ನೂರ ಇಪ್ಪತ್ತು ಕಾಣ್ತದಾ? ಹೊಡೆದು ಹಾಕಿಲ್ವಲ್ಲ?"

"ಇಲ್ಲ ಮಾರಾಯ್ತಿ."

ಅವಳು ನಾಲ್ಕು ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. "ಹಂತಕ್ಕೆ ಇಷ್ಟು ಕೊಟ್ರೆ ಮೂವತ್ತೈದು. ಒಂದು ಕಿತ್ರೂ ಹೋಯ್ತು."

ಫಲಿತಾಂಶ ಬರುವ ತನಕ ಟೈಲಿನ ಪೆಟ್ಟಿಗೆ ಬಿಚ್ಚುವಾಗೆಲ್ಲ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಕೊನೆಗೆ ಬಂದದ್ದು ಮೂವತ್ತೇಳು. ಆ ಎರಡು ಎಲ್ಲಿ ಹೆಚ್ಚಾಯಿತೋ, ಮಗಳಿಗೂ ಗೊತ್ತಾಗಲಿಲ್ಲ. ಮೊಬೈಲಿಗೆ ಬಂದದ್ದನ್ನು ಪ್ರಿಂಟ್ ಹಾಕಿಸಿ ಮಾರನೇ ದಿನವೇ ತೀರ್ಥಹಳ್ಳಿಗೆ ಹೋಗಿ ಕಂಟ್ರಾಕ್ಟರ ಮೇಜಿನ ಮೇಲಿಟ್ಟೆ.

"ಮೂವತ್ತೇಳಾ?" ಎಂದು ಅವರು ಹುಬ್ಬೇರಿಸಿದರು.

"ಹೌದು," ಎಂದೆ. "ಕೆಲ್ಸಕ್ಕೆ ಯಾವತ್ತಿಂದ ಬರ್ಲಿ?"