ಶಕರ ಪಾಠ ಮುಗಿದ ದಿನ

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಹತ್ತಿರದ ಒಂದು ಶಾಲೆಯಲ್ಲಿ ನಾನು ಇತಿಹಾಸ ಹೇಳಿಕೊಡುತ್ತಿದ್ದೆ. ಅವತ್ತು ಏಳನೇ ಕ್ಲಾಸಿಗೆ, ಕುದುರೆಯೇರಿ ಅಲೆಯುತ್ತಿದ್ದ ಸಿಥಿಯನ್ನರ ಪಾಠ. ಪ್ರಿನ್ಸಿಪಾಲರು ಅಪರಿಚಿತ ಹೆಂಗಸೊಬ್ಬರನ್ನು ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿ, ತಾವೂ ಕೂತರು.

ನಾನೇ ಬರೆದ ದೊಡ್ಡ ಮ್ಯಾಪ್ ತೂಗುಹಾಕಿದೆ. ಅಲ್ಟಾಯ್ ಪರ್ವತದ ಕಡೆಯ ಹುಲ್ಲುಗಾವಲು ಸಿಥಿಯನ್ನರ ಮೂಲ ನೆಲ. ಪೂರ್ವದವರು ದೂಡಿದರು, ಇವರು ಪಶ್ಚಿಮಕ್ಕೆ ಸರಿದರು. ಕಪ್ಪು ಸಮುದ್ರದ ದಡದಲ್ಲಿದ್ದ ಕಿಮ್ಮೇರಿಯನ್ನರನ್ನು ಓಡಿಸಿ ಅಲ್ಲಿ ನಿಂತರು. ಆಮೇಲೆ ಸರ್ಮೇಷಿಯನ್ನರು ಬಂದು ಇವರನ್ನೇ ಕ್ರಿಮಿಯಾದ ಮೂಲೆಗೆ ನೂಕಿದರು. ಇವರ ಬಳಗದ ಶಕರು ದಕ್ಷಿಣಕ್ಕಿಳಿದು ಸಿಂಧ್, ಗುಜರಾತ್ ದಾಟಿ ಉಜ್ಜಯಿನಿವರೆಗೂ ಬಂದರು. ಕಂಬಳಿ ಹೊದಿಸಿದ ಬಂಡಿಯೇ ಹೆಂಗಸರು ಮಕ್ಕಳಿಗೆ ಮನೆ.

"ಮ್ಯಾಮ್, ಅವರು ಯಾಕೆ ವಾಪಸ್ ಹೋಗಲಿಲ್ಲ?" ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು.

"ಅಲ್ಲಿ ಅಷ್ಟರಲ್ಲಿ ಬೇರೆಯವರು ಇದ್ದರು," ಎಂದೆ.

ಬೆಲ್ ಹೊಡೆಯಿತು. ಮಕ್ಕಳಿನ್ನೂ ಚೀಲ ತುಂಬುತ್ತಿರುವಾಗಲೇ ಪ್ರಿನ್ಸಿಪಾಲರು ಎದ್ದು ಬಂದರು. "ನಾಳೆಯಿಂದ ಇವರು ನಿಮ್ಮ ಕ್ಲಾಸ್ ತಗೊಳ್ತಾರೆ. ಮ್ಯಾಪ್ ಇವರಿಗೇ ಕೊಟ್ಟುಬಿಡಿ."

ಬಂದಾಕೆ ಮ್ಯಾಪ್ ಸುರುಳಿ ಸುತ್ತಿಕೊಂಡು ನನ್ನ ಕೈ ನೋಡಿದಳು. "ಮಾರ್ಕರ್ ಕೂಡ ಶಾಲೆಯದಲ್ವಾ?"

ಕೊಟ್ಟೆ. ಮಕ್ಕಳು ನೋಡುತ್ತಿದ್ದರು.

ಕೆಲಸದ ಜೊತೆ ಶಾಲೆ ಕೊಟ್ಟಿದ್ದ ರೂಮೂ ಹೋಯಿತು. ವೀಸಾ ಕ್ಯಾನ್ಸಲ್ ಆಯಿತು. ಬೇರೆ ಕೆಲಸ ಹುಡುಕಿಕೊಳ್ಳುವ ತನಕ ಅಂತ ದುಬೈಗೆ, ಡಿಸ್ಕವರಿ ಗಾರ್ಡನ್ಸ್‌ನ ಅಕ್ಕನ ಮನೆಗೆ ಹೋದೆ. ಅಕ್ಕ ಮನೆಯ ಇನ್ನೊಂದು ಕೀ ಕೊಟ್ಟಿದ್ದಳು; ಹಾಲ್‌ನ ಸೋಫಾದಲ್ಲಿ ಮಲಗುತ್ತಿದ್ದೆ. ಭಾವ ನನ್ನ ಹತ್ತಿರ ಮಾತೇ ಆಡುತ್ತಿರಲಿಲ್ಲ, ನಾನು ಎದುರಿಗಿದ್ದರೂ ಅಕ್ಕನನ್ನೇ ಕೇಳುವರು, "ಇವಳದ್ದು ಏನಾಯ್ತಂತೆ?"

ಒಂದು ಮಧ್ಯಾಹ್ನ ಇಂಟರ್‌ವ್ಯೂ ಮುಗಿಸಿ ಬಂದಾಗ ನನ್ನ ಸೂಟ್‌ಕೇಸ್ ಲಿಫ್ಟ್ ಪಕ್ಕದಲ್ಲಿತ್ತು. ಒಣಗಲು ಹಾಕಿದ್ದ ಚೂಡಿದಾರ್ ಒದ್ದೆಯಾಗಿಯೇ ಮೇಲೆ ಬಿದ್ದಿತ್ತು. ಕೀ ತಿರುಗಿಸಿದರೆ ಒಳಚಿಲಕ ಹಾಕಿತ್ತು. ಬಾಗಿಲು ಬಡಿದೆ.

"ಅವರು ಒಳಗೆ ಇದ್ದಾರೆ," ಅಕ್ಕ ಬಾಗಿಲು ತೆರೆಯದೆ ಹೇಳಿದಳು. "ಈಗ ಗಲಾಟೆ ಮಾಡ್ಬೇಡ ಮಾರಾಯ್ತಿ, ಹೋಗು."

"ಎಲ್ಲಿಗೆ ಹೋಗ್ಲಿ ಅಕ್ಕ?"

ಒಳಗೆ ಟಿವಿಯ ಶಬ್ದ ಜೋರಾಯಿತು.

ದುಬೈಯದೇ ಕರಾಮದಲ್ಲಿ ಬಾಡಿಗೆಗೆ ಒಂದು ಬೆಡ್‌ಸ್ಪೇಸ್ ಸಿಕ್ಕಿತು. ಹಲಗೆ ಅಡ್ಡ ಇಟ್ಟು ಪಾಲು ಮಾಡಿದ ಕೋಣೆಯಲ್ಲಿ ಎರಡಂತಸ್ತಿನ ಮಂಚದ ಮೇಲಿನ ಹಾಸಿಗೆ. ಅವತ್ತು ಇಂಟರ್‌ವ್ಯೂ ಮಾಡಿದ್ದ ನರ್ಸರಿ ಶಾಲೆಯವರೇ ಕೊನೆಗೆ ಕೆಲಸ ಕೊಟ್ಟರು. ಅಕ್ಕನಿಗೆ ಮೆಸೇಜ್ ಹಾಕಿದೆ; ಓದಿದಳು, ಉತ್ತರ ಬರಲಿಲ್ಲ. ಚೌತಿಯ ದಿನ ಅವಳ ಫೋನ್ ಬಂದಾಗ ಒಂದೇ ರಿಂಗಿಗೆ ಎತ್ತಿದೆ.

"ನಮ್ಮ ಮನೆಯ ಇನ್ನೊಂದು ಕೀ ನಿನ್ನ ಹತ್ರ ಉಂಟಲ್ಲ," ಅಂದಳು. "ಕೆಳಗೆ ವಾಚ್‌ಮನ್ ಹತ್ರ ಕೊಟ್ಟು ಹೋಗು. ಮೇಲೆ ಬರೋದು ಬೇಡ."