ನೋಡದ ಕಾಲೇಜಿಗೆ ಅಂಕ

ಇವತ್ತು ಬೆಳಿಗ್ಗೆ ಮೊಬೈಲಿಗೆ ಮತ್ತೆ ಆ ಇಮೇಲ್ ಬಂತು: ನಿಮ್ಮ ವಿಷಯದಲ್ಲಿ ಹೆಸರುವಾಸಿಯಾದ ಹತ್ತು ಕಾಲೇಜುಗಳನ್ನು ತಿಳಿಸಿ. ಕಾಲೇಜುಗಳಿಗೆ ರ‍್ಯಾಂಕ್ ಕೊಡುವವರ ಸಮೀಕ್ಷೆ ಅದು. ಓದುತ್ತಿದ್ದಂತೆ ಅನಂತರಾಜಯ್ಯನವರು ನೆನಪಾಗಿ, ಕುಳಿತಲ್ಲೇ ನನಗೆ ಹುರುಪು ಬಂತು.

ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಅವರು ಇತಿಹಾಸದ ಹಿರಿಯ ಮೇಷ್ಟ್ರು, ನಾನು ಕಿರಿಯ ಉಪನ್ಯಾಸಕಿ. ಅವರು ನಿವೃತ್ತರಾಗುವ ವರ್ಷ ಇದೇ ಪ್ರಶ್ನೆ ಬಂದಿತ್ತು. ಸ್ಟಾಫ್ ರೂಮಿನಲ್ಲಿ ಕಾಫಿ ಆರುವಷ್ಟರಲ್ಲಿ ಎಲ್ಲರೂ ಹೆಸರು ತುಂಬಿದ್ದರು. ಎಲ್ಲರದೂ ಹೆಚ್ಚುಕಡಿಮೆ ಅವೇ ಹೆಸರುಗಳು.

"ಇದ್ರಲ್ಲಿ ಯಾವ್ದನ್ನ ನೋಡಿದ್ದೀರಮ್ಮ?" ಎಂದು ಅನಂತರಾಜಯ್ಯನವರು ನನ್ನನ್ನು ಕೇಳಿದರು.

"ನೋಡೋದೇನು ಸಾರ್, ಹೋದ ವರ್ಷದ ಪಟ್ಟೀಲಿ ಮೇಲಿದ್ವಲ್ಲ."

"ಆ ಪಟ್ಟಿ ಹೆಂಗಾಯ್ತು? ನಿಮ್ಮಂಥೋರೇ ಅದ್ರ ಹಿಂದಿನ ಪಟ್ಟಿ ನೋಡಿ ಬರ‍್ದಿದ್ದು. ಬೇಲೂರಲ್ಲೊಂದು ಕಾಲೇಜೈತೆ. ಶನಿವಾರ ಹಳೇಬೀಡಿನ ಹತ್ರ ಹುಲಿಕೆರೆಯ ಹಳೇ ಕಲ್ಲಿನ ಕೊಳದಲ್ಲೇ ಪಾಠವಂತೆ. ನೋಡ್ಕಂಡು ಬರೋಣ ನಡೀರಿ."

ಆ ಶನಿವಾರವೇ ಹೊರಟೆವು. ಪಿಯುಸಿ ಮುಗಿಸಿದ್ದ ನನ್ನ ಮಗಳು ಸಿಂಚನಾಳೂ ಬಂದಳು. ಪಟ್ಟಿಯ ಮೇಲ್ತುದಿಯ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಗುವವರೆಗೆ ಊಟ ಸೇರದಂಥ ಸ್ಥಿತಿ. ಅವಳದಲ್ಲ, ನನ್ನದು.

ಹಳೇಬೀಡಿನಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಕೊಳದ ಮೆಟ್ಟಿಲ ತುಂಬ ವಿದ್ಯಾರ್ಥಿಗಳು! ಕೆಲವರು ಟೇಪು ಹಿಡಿದು ಅಳೆಯುತ್ತಿದ್ದರು, ಕೆಲವರು ಕೊಳದ ಸುತ್ತಲಿನ ಪುಟ್ಟ ಗುಡಿಗಳ ಚಿತ್ರ ಬರೆಯುತ್ತಿದ್ದರು. ನೀರು ಎಲ್ಲಿಂದ ಬರುತ್ತಿತ್ತೆಂದು ಇಬ್ಬರು ವಾದಕ್ಕೆ ಬಿದ್ದಿದ್ದರು. ಅವರ ಮೇಡಂ ಉತ್ತರ ಹೇಳದೆ, "ಹೌದಾ? ತೋರ‍್ಸಿ ಮತ್ತೆ," ಎಂದು ಇಬ್ಬರನ್ನೂ ಕೆಳಗೆ ಅಟ್ಟಿದರು. ಅನಂತರಾಜಯ್ಯನವರು ಚಪ್ಪಲಿ ಬಿಟ್ಟು ಅವರ ಹಿಂದೆಯೇ ಇಳಿದರು.

ನಾನು ಪರೀಕ್ಷಕಳ ಗತ್ತಿನಲ್ಲಿ ಒಬ್ಬ ಹುಡುಗಿಯನ್ನು ಮಾತಾಡಿಸಿದೆ. ನನ್ನ ಕಾಲೇಜು ಯಾವುದೆಂದು ಕೇಳಿದಳು. ಹೇಳಿದೆ.

"ಹೆಸ್ರೇ ಕೇಳಿಲ್ವಲ್ಲ ಮೇಡಂ," ಎಂದಳು, ಬಹಳ ವಿನಯದಿಂದ.

ಅಷ್ಟರಲ್ಲಿ ಸಿಂಚನಾ ಯಾರದೋ ಟೇಪಿನ ಇನ್ನೊಂದು ತುದಿ ಹಿಡಿದು ನಿಂತಿದ್ದಳು. ಹೊರಡೋಣವೆಂದರೆ, "ಇರಮ್ಮ, ಈ ಮೂಲೆ ಅಳೆದು ಬರ್ತೀನಿ. ನಾನು ಇವರ ಕಾಲೇಜಿಗೇ ಸೇರೋದು," ಎಂದಳು. ಬೇಡವೆನ್ನಲು ಬಾಯಿ ತೆರೆದೆ. ಆದರೆ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಯಾವ ಪಟ್ಟಿ ಓದುವಾಗಲೂ ಕಂಡಿರಲಿಲ್ಲ. ಒಪ್ಪಿಕೊಂಡೆ.

ಅನಂತರಾಜಯ್ಯನವರು ಸಮೀಕ್ಷೆಯಲ್ಲಿ ಬರೆದದ್ದು ಅದೊಂದೇ ಹೆಸರು. ಪಟ್ಟಿ ಬಂದಾಗ ಅದು ಎಲ್ಲೂ ಇರಲಿಲ್ಲ. "ಇರ‍್ಲಿ ಬಿಡಿ, ಇನ್ನೊಬ್ರು ಹೋಗಿ ನೋಡ್ಲಿ," ಎಂದು ನಕ್ಕರು.

ಸಿಂಚನಾಳಿಗೆ ಈಗ ಎರಡನೇ ವರ್ಷ. ಊಟದ ಹೊತ್ತಿನಲ್ಲೂ ಶಾಸನದ ಮಾತು. ಇವತ್ತಿನ ಸಮೀಕ್ಷೆಗೆ ನಾನು ಮೊದಲ ಸಾಲಿನಲ್ಲಿ ಅವಳ ಕಾಲೇಜಿನ ಹೆಸರು ಬರೆದೆ. ಪಕ್ಷಪಾತವೆನ್ನುತ್ತೀರಾ? ಇರಬಹುದು, ಆದರೆ ಕಣ್ಣಾರೆ ಕಂಡದ್ದರ ಪಕ್ಷಪಾತ. ಉಳಿದ ಸಾಲುಗಳು ಸದ್ಯಕ್ಕೆ ಖಾಲಿ. ಚಿಕ್ಕಮಗಳೂರಿನ ಕಡೆ ಇನ್ನೊಂದು ಕಾಲೇಜು ಚೆನ್ನಾಗಿದೆಯಂತೆ. ಮಗಳು ಫೋನಿನಲ್ಲಿ ಬಸ್ಸು ವಿಚಾರಿಸುತ್ತಿದ್ದಾಳೆ.