ನಾಲ್ಕು ಬಣ್ಣ ಮತ್ತು ನನ್ನ ನೀಲಿ ಅಂಗಿ

ತೊಡಲು ಬಾರದ, ಎಸೆಯಲು ಮನಸ್ಸಾಗದ ಅಂಗಿಯೊಂದು ಪ್ರತಿ ಮನೆಯಲ್ಲೂ ಇರುತ್ತದೆ. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯಲ್ಲಿ ಅದು ಬಾಗಿಲ ಹಿಂದಿನ ಮೊಳೆಗೆ ಜೋತುಬಿದ್ದಿದೆ, ನೀಲಿಯದು, ಬಿ.ಎಸ್ಸಿ. ಪದವಿ ಪಡೆದ ದಿನ ತೊಟ್ಟದ್ದು. ನಮ್ಮ ವಂಶದಲ್ಲಿ ಹೆಬ್ಬೆಟ್ಟಿನ ಬದಲು ಸಹಿ ಹಾಕಿದ ಮೊದಲಿಗ ನಾನಾದ್ದರಿಂದ, ಆ ಅಂಗಿಯ ಮೇಲಿನ ಮೋಹವನ್ನು ವಾಚಕರು ಮನ್ನಿಸಬೇಕು.

ಮೂರು ವರ್ಷದ ಹಿಂದೆ, ಎಪ್ಪತ್ತರ ದಶಕದ ಕೊನೆಗೆ, ನಾನು ಬೆಳಗಾವಿಯ ಹೈಸ್ಕೂಲೊಂದರಲ್ಲಿ ಗಣಿತ ಮಾಸ್ತರ. ಯಾವ ನಕಾಶೆಯನ್ನಾದರೂ, ನೆರೆಯ ಸೀಮೆಗಳಿಗೆ ಒಂದೇ ಬಣ್ಣ ಬಾರದಂತೆ, ನಾಲ್ಕೇ ಬಣ್ಣಗಳಲ್ಲಿ ತುಂಬಬಹುದೆಂಬುದು ಪಂಡಿತರನ್ನು ಬಹುಕಾಲ ಸತಾಯಿಸಿದ ಮಾತು. ಅದು ನಿಜವೆಂದು ಸಾಧಿಸಲು ನಾನೂ ಪೆನ್ಸಿಲ್ಲು ಸವೆಸಿ ಸೋತಿದ್ದೆ. ಕೊನೆಗೆ ಅಮೆರಿಕದಲ್ಲಿ ಗಣಿತಜ್ಞರು ಕಂಪ್ಯೂಟರಿನ ನೆರವು ಪಡೆದರೆಂದೂ, ಕೈಲೆಕ್ಕಕ್ಕೆ ಎಟುಕದಷ್ಟು ಸಂದರ್ಭಗಳನ್ನು ಅದು ಒಂದೊಂದಾಗಿ ತಪಾಸಿಸಿ ಸಾಧನೆ ಪೂರ್ತಿಗೊಳಿಸಿತೆಂದೂ ಪತ್ರಿಕೆಯಲ್ಲಿ ಓದಿದೆ. ಕಂಪ್ಯೂಟರನ್ನು ಕಣ್ಣಾರೆ ಕಂಡವನಲ್ಲ. ಆದರೂ ಸ್ವಂತ ಸೋದರಮಾವನೆಂಬಂತೆ ಅದನ್ನು ಹೊಗಳುತ್ತ ತಿರುಗಿದೆ.

ಆಗ ಖಾನಾಪುರದ ನಮ್ಮ ಹಳೇ ಮನೆಯಲ್ಲಿ ಅವ್ವ, ತಂಗಿಯ ಕೂಸಿಗೆ ಹೊದಿಸಲು ಕೌದಿ ಹೊಲಿಯುತ್ತಿದ್ದಳು. ಮನೆಯವರು ಉಟ್ಟು ಮೆತ್ತಗಾದ ಬಟ್ಟೆಯ ಸೊಟ್ಟಪಟ್ಟ ತುಂಡುಗಳನ್ನು, ಒಂದೇ ಬಣ್ಣದವು ಅಕ್ಕಪಕ್ಕ ಬಾರದಂತೆ, ಅಂಚಿನಿಂದ ನಡುವಿಗೆ ಕೂಡಿಸುತ್ತ ಬರುವುದು ಅವಳ ಪದ್ಧತಿ.

"ನಿನ್ನ ನೀಲಿ ಅಂಗಿ ಕೊಡೋ. ಕಲತಾವನ ಅರಿವಿ ಕೂಸಿಗೆ ತಾಗಲಿ."

ಅಂಗಿ ಉಳಿಸಿಕೊಳ್ಳಲು ಶಾಸ್ತ್ರಕ್ಕೆ ಮೊರೆಹೋದೆ. "ಕೆಂಪು, ಹಸರು, ಹಳದಿ, ಬಿಳಿ ಅದಾವಲ್ಲ ಬೇ! ನಾಕ ಬಣ್ಣ ಸಾಕು. ಕಂಪ್ಯೂಟರ್ ಸಿದ್ಧ ಮಾಡೇತಿ."

"ಅದೇನ ಕೌದಿ ಹೊಲದೈತೇನ?"

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ನಡುವೆ ಒಂದೇ ತುಂಡಿನ ಜಾಗ ಉಳಿದಿತ್ತು. ಅದರ ಸುತ್ತ ನಾಲ್ಕೂ ಬಣ್ಣ!

"ಕರೀ ಈಗ ನಿನ್ನ ಮಶಿನ್ನ," ಎಂದಳು ಅವ್ವ.

"ಒಂದೆರಡು ಸಾಲು ಬಿಚ್ಚಿದರ ಕೂಡತೇತಿ, ಅವ್ವಾ."

"ಕೂಸಿನ ಕೌದಿ ಬಿಚ್ಚಬಾರದೋ ಶಾಣ್ಯಾ. ಕತ್ತರಿ ತಾ."

ನಾಲ್ಕರಲ್ಲಿ ಮುಗಿಸುವ ದಾರಿಯೊಂದು ಇದ್ದೇ ಇದೆ ಎಂದಷ್ಟೇ ಪ್ರಮೇಯದ ಭರವಸೆ. ನಾವು ಹಿಡಿದದ್ದೇ ಆ ದಾರಿ ಎಂದು ಅದು ಎಲ್ಲೂ ಹೇಳಿಲ್ಲ. ಯಂತ್ರವಾದರೋ ದಾರಿ ತಪ್ಪಿದರೆ ನಾಚದೆ ಹಿಂದಿರುಗಿ ಇನ್ನೊಂದನ್ನು ಹಿಡಿಯುತ್ತದೆ. ಆ ನಿಸ್ಸಂಕೋಚವೇ ಅದರ ಪಾಂಡಿತ್ಯ. ನನ್ನ ಬಳಿ ಇದ್ದದ್ದು ಸಂಕೋಚ ಮತ್ತು ಆ ಕಾರ್ಯಕ್ಕೆಂದು ತೊಟ್ಟು ಬಂದ ನೀಲಿ ಅಂಗಿ; ಬಿಚ್ಚಿ ಕೊಟ್ಟೆ.

ಹೀಗಾಗಿ ಮೊಳೆಯ ಮೇಲಿನ ಅಂಗಿಗೆ ಬೆನ್ನಲ್ಲೊಂದು ಕಿಟಕಿ. ಅವ್ವ ಬೇಕೆಂದೇ ಹಾಗೆ ಹೊಲಿದಳೇ ಎಂಬುದನ್ನು ಸಾಧಿಸುವ ಕಂಪ್ಯೂಟರು ಇನ್ನೂ ಹುಟ್ಟಿಲ್ಲ. ಕೇಳಿದರೆ ಅವಳು ಸೂಜಿಗೆ ದಾರ ಪೋಣಿಸುತ್ತಾಳೆ. ತಂಗಿಗೆ ಈಗ ಮತ್ತೆ ದಿನ ತುಂಬುತ್ತಿವೆ. ನಾಳೆ ಖಾನಾಪುರಕ್ಕೆ ಹೊರಟಿದ್ದೇನೆ. ಯಾರೂ ಕೇಳುವ ಮೊದಲೇ ಅಂಗಿಯನ್ನು ಈಗಷ್ಟೇ ಮೊಳೆಯಿಂದ ಇಳಿಸಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ಎರಡು ತೋಳು ಇನ್ನೂ ಇವೆ.